ಜೆಬಾಡ್ ಪೆಟ್ಟಿಗೆಯಲ್ಲಿ ಕೆಟ್ಟ ಡಿಸ್ಕ್ ಯಾವ ಬೇಯಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಗೋದಾಮುಪಾಲಕ:

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 24 ಬೇಗಳ (ಡಿಸ್ಕ್ ಕೂರಿಸುವ ಖಾನೆಗಳ) ಒಂದು ಜೆಬಾಡ್, ಅಂದರೆ ಬರೀ ಡಿಸ್ಕ್‌ಗಳನ್ನು ತುಂಬುವ ಪೆಟ್ಟಿಗೆಯಿದ್ದು, ಅದನ್ನು ಎಲ್‌ಎಸ್‌ಐ 9300-8ಇ ಎಚ್‌ಬಿಎ ಕಾರ್ಡಿನ (ಡಿಸ್ಕ್‌ಗಳನ್ನು ಸರ್ವರಿಗೆ ಜೋಡಿಸುವ ಕಾರ್ಡಿನ) ಮೂಲಕ ಲಿನಕ್ಸ್ ಸರ್ವರ್ ಒಂದಕ್ಕೆ ಜೋಡಿಸಲಾಗಿದೆ. ಅದರ ಮೇಲೆ ಓಪನ್‌ಝಡ್‌ಎಫ್‌ಎಸ್ ಫೈಲ್‌ವ್ಯವಸ್ಥೆಯ ಪೂಲ್, ಅಂದರೆ ಎಲ್ಲ ಡಿಸ್ಕ್‌ಗಳನ್ನೂ ಒಟ್ಟುಗೂಡಿಸಿದ ಸಂಗ್ರಹ ಇದೆ. 12 ಡಿಸ್ಕ್‌ಗಳ ಎರಡು ರೇಡ್‌ಝಡ್2 ಗುಂಪುಗಳು. ಪೂಲನ್ನು ನನಗಿಂತ ಮೊದಲು ಇದ್ದವರು ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳಲ್ಲೇ ಕಟ್ಟಿಬಿಟ್ಟಿದ್ದಾರೆ.

ವಿದ್ಯುತ್ ಹೋಗಿ ಬಂದ ಮೇಲೆ ಪೂಲಿನ ಸ್ಥಿತಿ ತೋರಿಸುವ ಝಡ್‌ಪೂಲ್ ಸ್ಟೇಟಸ್ ಕಮಾಂಡ್ ನೋಡಿದರೆ ಒಂದು ಡಿಸ್ಕ್ ಇರಬೇಕಾದ ಜಾಗದಲ್ಲಿ ಉದ್ದನೆಯ ಒಂದು ಸಂಖ್ಯೆಯೂ ಅದರ ಮುಂದೆ ‘ಮೊದಲು ಎಸ್‌ಡಿಕೆ1 ಆಗಿತ್ತು’ ಎಂಬರ್ಥದ ಟಿಪ್ಪಣಿಯೂ ಕಾಣುತ್ತಿವೆ. ಗೊಂದಲವಿರುವುದು ಇಲ್ಲಿಯೇ: ಎಸ್‌ಡಿಕೆ ಎಂಬ ಹೆಸರಿನ ಡಿಸ್ಕ್ ಈಗಲೂ ಇದೆ, ಅದರ ಸ್ಮಾರ್ಟ್ ವರದಿಯೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ಚೊಕ್ಕಟವಾಗಿದೆ, ಮತ್ತು ಅದು ಅದೇ ಪೂಲಿನಲ್ಲಿ ಬೇರೊಂದು ಸಾಲಿನಲ್ಲಿ ಕೆಲಸ ಮಾಡುತ್ತಿದೆ. ಪೆಟ್ಟಿಗೆಯ ಮುಂಭಾಗದಲ್ಲಿ ಒಂದೂ ಕೆಂಪು ಅಥವಾ ಹಳದಿ ದೀಪ ಹೊತ್ತಿಲ್ಲ. ಸರ್ವರ್ ಕೋಣೆ ಇನ್ನೊಂದು ಕಟ್ಟಡದಲ್ಲಿರುವುದರಿಂದ ಡಿಸ್ಕ್ ಎಳೆಯುವವರು ಬೇರೆಯವರು, ಫೋನಿನಲ್ಲಿ ಹೇಳುವವನು ನಾನು. ತಪ್ಪು ಡಿಸ್ಕ್ ಎಳೆಯದಂತೆ ಯಾವ ಕ್ರಮದಲ್ಲಿ ಮುಂದುವರಿಯಬೇಕು? ಮುಂದೆ ಇಂಥದ್ದು ಮೊದಲೇ ತಿಳಿಯುವಂತೆ ನಿಗಾ ವ್ಯವಸ್ಥೆ ಹೇಗಿರಬೇಕು?

ಹಳೆಯ_ಅಡ್ಮಿನ್:

ಮೊದಲನೆಯದಾಗಿ, ಯಾರೂ ಏನನ್ನೂ ಎಳೆಯಬಾರದೆಂದು ಆ ಕಟ್ಟಡದವರಿಗೆ ಈಗಲೇ ಹೇಳಿಬಿಡಿ. ರೇಡ್‌ಝಡ್2 ಗುಂಪೊಂದು ಎರಡು ಡಿಸ್ಕ್‌ಗಳ ನಷ್ಟವನ್ನು ತಡೆದುಕೊಳ್ಳುತ್ತದೆ; ನಿಮ್ಮಲ್ಲಿ ಒಂದು ಈಗಾಗಲೇ ಹೋಗಿದೆ. ಅದೇ ಗುಂಪಿನ ಇನ್ನೊಂದನ್ನು ತಪ್ಪಾಗಿ ಎಳೆದರೆ ಪೂಲ್ ಉಳಿಯುತ್ತದೆ, ಆದರೆ ಆಮೇಲೆ ಒಂದೇ ಒಂದು ಓದುವ ದೋಷ ಬಂದರೂ ಫೈಲ್‌ಗಳು ಹಾಳಾಗುವ ಸ್ಥಿತಿಗೆ ಬಂದು ನಿಂತಿರುತ್ತೀರಿ.

ಎಸ್‌ಡಿಕೆ ಎಂಬುದು ಡಿಸ್ಕಿನ ಹೆಸರಲ್ಲ. ಬ್ಯಾಂಕಿನಲ್ಲಿ ಬಂದ ಕ್ರಮದಲ್ಲಿ ಕೊಡುವ ಟೋಕನ್ನಿನಂತೆ, ಕರ್ನಲ್ ತಾನು ಕಂಡ ಕ್ರಮದಲ್ಲಿ ಹಂಚುವ ಗುರುತು ಅದು. ಬೂಟ್ ಆಗುವಾಗ ಒಂದು ಡಿಸ್ಕ್ ಏಳದಿದ್ದರೆ ಅದರ ನಂತರದವೆಲ್ಲ ಒಂದೊಂದು ಅಕ್ಷರ ಹಿಂದಕ್ಕೆ ಸರಿಯುತ್ತವೆ, ಆದ್ದರಿಂದಲೇ ನಿನ್ನೆಯ ಎಸ್‌ಡಿಎಲ್ ಇಂದು ಎಸ್‌ಡಿಕೆ ಆಗಿ ಕುಳಿತಿರಬಹುದು. ಹಾಗಾಗಿ ಡಿಸ್ಕ್‌ಗೆ ಸಂಬಂಧಿಸಿದ ಯಾವ ಮಾತನ್ನೂ ಈ ಹೆಸರಿನಲ್ಲಿ ಆಡಬಾರದು. ಸೀರಿಯಲ್ ನಂಬರ್ ಅಥವಾ ಡಬ್ಲ್ಯೂಡಬ್ಲ್ಯೂಎನ್ ಮೂಲಕವೇ ಆಡಬೇಕು. ಡಬ್ಲ್ಯೂಡಬ್ಲ್ಯೂಎನ್ ಎಂದರೆ ತಯಾರಕರು ಪ್ರತಿ ಡಿಸ್ಕ್‌ಗೂ ಕೊಡುವ 16 ಅಂಕಿಗಳ ಹೆಕ್ಸ್ ಸಂಖ್ಯೆ. ಅದರ ಮೊದಲ ಭಾಗದಿಂದಲೇ ತಯಾರಕರು ತಿಳಿಯುತ್ತಾರೆ: 5000ಸಿ50 ಎಂದು ಶುರುವಾದರೆ ಸೀಗೇಟ್, 5000ಸಿಸಿಎ ಎಂದಾದರೆ ಎಚ್‌ಜಿಎಸ್‌ಟಿ, 50014ಇಇ ಎಂದಾದರೆ ವೆಸ್ಟರ್ನ್ ಡಿಜಿಟಲ್, 5000039 ಎಂದಾದರೆ ತೋಶಿಬಾ.

ಈಗ ನಿಮ್ಮ ಪ್ರಕರಣಕ್ಕೆ ಬರೋಣ. ಝಡ್‌ಪೂಲ್ ಸ್ಟೇಟಸ್ ತೋರಿಸುತ್ತಿರುವ ಉದ್ದನೆಯ ಸಂಖ್ಯೆ ಆ ಡಿಸ್ಕ್‌ಗೆ ಝಡ್‌ಎಫ್‌ಎಸ್ ಕೊಟ್ಟಿರುವ ಜಿಯುಐಡಿ, ಅಂದರೆ ತನ್ನದೇ ಗುರುತಿನ ಸಂಖ್ಯೆ. ಝಡ್‌ಡಿಬಿ ಕಮಾಂಡನ್ನು ದೊಡ್ಡಕ್ಷರದ ಸಿ ಆಯ್ಕೆಯೊಂದಿಗೆ ಪೂಲಿನ ಹೆಸರು ಕೊಟ್ಟು ನಡೆಸಿದರೆ ಪೂಲಿನ ಸಂರಚನೆ ಪೂರ್ತಿಯಾಗಿ ಕಾಣುತ್ತದೆ. ಅದರಲ್ಲಿ ಇದೇ ಜಿಯುಐಡಿ ಇರುವ ಸಾಲನ್ನು ಹುಡುಕಿದರೆ, ಅದರ ಆಸುಪಾಸಿನಲ್ಲೇ ಡೆವ್‌ಐಡಿ ಎಂಬ ಸಾಲು ಸಿಗುತ್ತದೆ. ಪೂಲನ್ನು ಎಸ್‌ಡಿ ಹೆಸರುಗಳಲ್ಲಿ ಕಟ್ಟಿದ್ದರೂ ಡಿಸ್ಕಿನ ಖಾಯಂ ಗುರುತು ಅಲ್ಲಿ ದಾಖಲಾಗಿರುತ್ತದೆ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಅದರ ಪಕ್ಕದಲ್ಲೇ ವಿಡೆವ್ ಎನ್ಕ್ ಸಿಸ್‌ಎಫ್‌ಎಸ್ ಪಾತ್ ಎಂಬ ಇನ್ನೊಂದು ಸಾಲೂ ಇರಬಹುದು. ಅದು ಆ ಡಿಸ್ಕ್ ಕೊನೆಯ ಬಾರಿ ಯಾವ ಎನ್‌ಕ್ಲೋಶರಿನ ಯಾವ ಸ್ಲಾಟಿನಲ್ಲಿತ್ತು ಎಂಬುದನ್ನು ಹೇಳುತ್ತದೆ.

ಇದು ಒಂದು ಸಾಕ್ಷಿ ಮಾತ್ರ. ಎರಡನೆಯ ಸಾಕ್ಷಿಯಿಲ್ಲದೆ ಡಿಸ್ಕ್ ಎಳೆಯಬೇಡಿ. ಬದುಕಿರುವ 23 ಡಿಸ್ಕ್‌ಗಳ ಸೀರಿಯಲ್ ನಂಬರುಗಳನ್ನು ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಿಂದ ತೆಗೆದು, ಒಂದೊಂದೂ ಯಾವ ಬೇಯಲ್ಲಿದೆ ಎಂದು ಪಟ್ಟಿ ಮಾಡಿದರೆ, ಪಟ್ಟಿಯಲ್ಲಿ ಹೆಸರಿಲ್ಲದೆ ಉಳಿಯುವ ಬೇ ಯಾವುದೋ ಅದೇ ನಿಮ್ಮದು. ಝಡ್‌ಡಿಬಿ ಹೇಳಿದ್ದೂ ಈ ಪಟ್ಟಿ ಹೇಳಿದ್ದೂ ಒಂದೇ ಆದರೆ ಮುಂದುವರಿಯಬಹುದು.

ನೀಲಿದೀಪ:

ಬೇ ಪಟ್ಟಿ ಮಾಡುವುದು ಹೇಗೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬಹಳಷ್ಟು ಜನ ಪೆಟ್ಟಿಗೆಯನ್ನು ಬರೀ ತಗಡಿನ ಡಬ್ಬಿ ಎಂದುಕೊಂಡಿರುತ್ತಾರೆ.

ಎಸ್‌ಎಎಸ್ (ಸರ್ವರುಗಳಲ್ಲಿ ಡಿಸ್ಕ್ ಜೋಡಿಸುವ ಒಂದು ಸಂಪರ್ಕ ವಿಧಾನ) ಪೆಟ್ಟಿಗೆಯೊಳಗೆ ಎಕ್ಸ್‌ಪ್ಯಾಂಡರ್ ಎಂಬ ಚಿಪ್ ಇರುತ್ತದೆ. ಎಚ್‌ಬಿಎಯಿಂದ ಬಂದ ಕೆಲವೇ ಲೇನ್‌ಗಳನ್ನು ಅದು ಎಲ್ಲ ಬೇಗಳಿಗೂ ಹಂಚುತ್ತದೆ. ಅದರ ಜೊತೆಗೆ ಎನ್‌ಕ್ಲೋಶರ್ ಸರ್ವಿಸಸ್, ಅಂದರೆ ಎಸ್‌ಇಎಸ್ ಎಂಬ ಸೇವೆ ನಡೆಯುತ್ತಿರುತ್ತದೆ. ಎಲ್‌ಎಸ್‌ಸ್ಕಸಿ ಕಮಾಂಡನ್ನು ಜಿ ಆಯ್ಕೆಯೊಂದಿಗೆ ನಡೆಸಿದರೆ ಡಿಸ್ಕ್‌ಗಳ ನಡುವೆ ‘ಎನ್‌ಕ್ಲೋಸು’ ಎಂದು ಅರ್ಧಕ್ಕೇ ಕತ್ತರಿಸಿದ ಪ್ರಕಾರದ ಹೆಸರಿರುವ ಒಂದು ಸಾಧನ ಕಾಣುತ್ತದಲ್ಲ, ಅದೇ ಇದು. ಬೇಗಳ ಸ್ಥಿತಿ, ಫ್ಯಾನ್‌ಗಳ ವೇಗ, ಪವರ್ ಸಪ್ಲೈ, ಒಳಗಿನ ಉಷ್ಣಾಂಶ, ಎಲ್ಲವನ್ನೂ ಇದೇ ಹೇಳುತ್ತದೆ. ಬೇಗಳ ದೀಪ ಹೊತ್ತಿಸುವುದೂ ಇದೇ. ಡಿಸ್ಕ್ ಸತ್ತುಹೋಗಿದ್ದರೂ ದೀಪ ಹೊತ್ತಿಸಲು ಸಾಧ್ಯವಾಗುವುದು ಇದರಿಂದಲೇ, ಏಕೆಂದರೆ ಆ ದೀಪ ಡಿಸ್ಕಿನದ್ದಲ್ಲ, ಪೆಟ್ಟಿಗೆಯದ್ದು.

ಲಿನಕ್ಸಿನಲ್ಲಿ ಎಸ್‌ಇಎಸ್ ಮಾಡ್ಯೂಲ್ ಲೋಡ್ ಆಗಿದ್ದರೆ ಸಿಸ್ ಫೈಲ್‌ವ್ಯವಸ್ಥೆಯ ಕ್ಲಾಸ್ ಕೋಶದ ಕೆಳಗೆ ಎನ್‌ಕ್ಲೋಶರ್ ಎಂಬ ಕೋಶ ಇರುತ್ತದೆ. ಅದರೊಳಗೆ ಪ್ರತಿ ಪೆಟ್ಟಿಗೆಗೆ ಒಂದು ಕೋಶ, ಅದರೊಳಗೆ ಪ್ರತಿ ಸ್ಲಾಟಿಗೆ ಒಂದು ಕೋಶ, ಅದರೊಳಗೆ ಲೊಕೇಟ್, ಫಾಲ್ಟ್, ಸ್ಟೇಟಸ್, ಸ್ಲಾಟ್ ಎಂಬ ಸಣ್ಣ ಫೈಲ್‌ಗಳು. ಡಿಸ್ಕ್ ಜೀವಂತವಾಗಿದ್ದರೆ ಡಿವೈಸ್ ಎಂಬ ಕೊಂಡಿಯೂ ಇದ್ದು, ಅದನ್ನು ಹಿಂಬಾಲಿಸಿದರೆ ಆ ಸ್ಲಾಟಿನಲ್ಲಿರುವ ಎಸ್‌ಡಿ ಹೆಸರು ಸಿಗುತ್ತದೆ. ಹೀಗೆ 24 ಕೋಶಗಳ ಮೇಲೆ ಒಂದು ಸಣ್ಣ ಶೆಲ್ ಲೂಪ್ ಓಡಿಸಿ, ಸ್ಲಾಟ್ ಸಂಖ್ಯೆ, ಎಸ್‌ಡಿ ಹೆಸರು, ಸೀರಿಯಲ್ ನಂಬರ್ ಮೂರನ್ನೂ ಒಂದೇ ಸಾಲಿನಲ್ಲಿ ಮುದ್ರಿಸಿಕೊಂಡರೆ ಪಟ್ಟಿ ಸಿದ್ಧ. ಯಾವ ಸ್ಲಾಟಿನಲ್ಲಿ ಡಿವೈಸ್ ಕೊಂಡಿಯೇ ಇಲ್ಲವೋ ಅದರ ಲೊಕೇಟ್ ಫೈಲಿಗೆ 1 ಎಂದು ಬರೆದರೆ ದೀಪ ಮಿಟುಕುತ್ತದೆ, 0 ಎಂದು ಬರೆದರೆ ಆರುತ್ತದೆ.

ಇದೇ ಕೆಲಸವನ್ನು ಎಸ್‌ಜಿ3 ಯುಟಿಲ್ಸ್ ಪ್ಯಾಕೇಜಿನ ಎಸ್‌ಜಿ-ಸೆಸ್ ಕಮಾಂಡಿನಿಂದ ಇನ್ನೂ ಆಳವಾಗಿ ಮಾಡಬಹುದು. ಅದರ 2ನೇ ಪುಟದಲ್ಲಿ ಪ್ರತಿ ಬೇಯ ಸ್ಥಿತಿಯೂ, 7ನೇ ಪುಟದಲ್ಲಿ ಪೆಟ್ಟಿಗೆಯ ತಯಾರಕರು ಪ್ರತಿ ಬೇಗೆ ಕೊಟ್ಟ ಹೆಸರೂ, ಹೆಕ್ಸ್‌ನಲ್ಲಿ ಎ ಎನ್ನುವ 10ನೇ ಪುಟದಲ್ಲಿ ಪ್ರತಿ ಬೇಗೆ ಅಂಟಿರುವ ಎಸ್‌ಎಎಸ್ ವಿಳಾಸವೂ ಇರುತ್ತವೆ. ಜಾಯಿನ್ ಆಯ್ಕೆ ಕೊಟ್ಟರೆ ಈ ಪುಟಗಳ ಮಾಹಿತಿ ಬೇವಾರು ಒಟ್ಟಿಗೆ ಬರುತ್ತದೆ. ಬರೀ ದೀಪ ಹೊತ್ತಿಸಬೇಕಿದ್ದರೆ ಲೆಡ್‌ಮಾನ್ ಪ್ಯಾಕೇಜಿನ ಲೆಡ್‌ಸಿಟಿಎಲ್ ಎಲ್ಲಕ್ಕಿಂತ ಸುಲಭ, ಆದರೆ ಅದಕ್ಕೆ ಡಿಸ್ಕಿನ ಹೆಸರು ಕೊಡಬೇಕಾದ್ದರಿಂದ ಕಾಣೆಯಾದ ಡಿಸ್ಕ್‌ಗೆ ಅದು ನೆರವಾಗುವುದು ಕಷ್ಟ.

ಗೋದಾಮುಪಾಲಕ:

ಇಬ್ಬರಿಗೂ ಧನ್ಯವಾದಗಳು. ಝಡ್‌ಡಿಬಿಯಲ್ಲಿ ಡೆವ್‌ಐಡಿ ಸಿಕ್ಕಿತು, ಸೀರಿಯಲ್ ನಂಬರ್ ತಿಳಿಯಿತು. ಎನ್‌ಕ್ಲೋಶರ್ ಪಾತ್ ಸಾಲೂ ಇದ್ದು, ಅದು ಸ್ಲಾಟ್ 9 ಎನ್ನುತ್ತಿದೆ. ಲೂಪ್ ಓಡಿಸಿದಾಗ ಕೊಂಡಿಯಿಲ್ಲದ ಕೋಶವೂ ಸ್ಲಾಟ್ 9ರದ್ದೇ.

ಎರಡು ವಿಷಯ ಮಾತ್ರ ಇನ್ನೂ ಹೊಂದುತ್ತಿಲ್ಲ. ನಮ್ಮವೆಲ್ಲ ಸಾಟಾ ಡಿಸ್ಕ್‌ಗಳು, ಅಂದರೆ ಸಾಮಾನ್ಯ ಕಂಪ್ಯೂಟರುಗಳಲ್ಲೂ ಇರುವ ಸಂಪರ್ಕದವು. 10ನೇ ಪುಟದಲ್ಲಿ ಕಾಣುವ ಎಸ್‌ಎಎಸ್ ವಿಳಾಸಗಳಿಗೂ ಡಿಸ್ಕ್‌ಗಳ ಡಬ್ಲ್ಯೂಡಬ್ಲ್ಯೂಎನ್‌ಗಳಿಗೂ ಸಂಬಂಧವೇ ಇಲ್ಲವೆನ್ನುವಷ್ಟು ವ್ಯತ್ಯಾಸವಿದೆ. ಆ ವಿಳಾಸಗಳೆಲ್ಲ ಒಂದೇ ರೀತಿ ಶುರುವಾಗಿ ಕೊನೆಯ ಎರಡು ಅಂಕಿಗಳಲ್ಲಿ ಮಾತ್ರ ಬೇರೆಯಾಗುತ್ತವೆ. ಎರಡನೆಯದು, ಕೋಣೆಯಲ್ಲಿರುವವರು ಫೋಟೋ ತೆಗೆದು ಕಳಿಸಿದರು. ಪೆಟ್ಟಿಗೆಯ ಮೇಲೆ ಬೇಗಳ ಸಂಖ್ಯೆ 1ರಿಂದ 24ರವರೆಗೆ ಮುದ್ರಿತವಾಗಿದೆ, ಆದರೆ ಲಿನಕ್ಸ್ 0ಯಿಂದ 23ರವರೆಗೆ ತೋರಿಸುತ್ತಿದೆ.

ನೀಲಿದೀಪ:

ಮೊದಲನೆಯದು ಸಹಜ. ಸಾಟಾ ಡಿಸ್ಕ್‌ಗೆ ತನ್ನದೇ ಎಸ್‌ಎಎಸ್ ವಿಳಾಸ ಇರುವುದಿಲ್ಲ. ಆದ್ದರಿಂದ ಎಕ್ಸ್‌ಪ್ಯಾಂಡರ್ ತನ್ನ ವಿಳಾಸದ ಕೊನೆಯ ಅಂಕಿಗಳನ್ನು ಬದಲಾಯಿಸಿ ಪ್ರತಿ ಪೋರ್ಟಿಗೂ ಒಂದೊಂದು ವಿಳಾಸ ಕೊಟ್ಟುಬಿಡುತ್ತದೆ. ನೀವು ಡಿಸ್ಕ್ ಬದಲಿಸಿದರೂ ಆ ಬೇಯ ವಿಳಾಸ ಅದೇ ಇರುತ್ತದೆ. ಅಂದರೆ ಅದು ಜಾಗದ ಗುರುತು, ಡಿಸ್ಕಿನ ಗುರುತಲ್ಲ. ಡಿಸ್ಕನ್ನು ಗುರುತಿಸಲು ನಿಮಗೆ ಸೀರಿಯಲ್ ನಂಬರೇ ಗತಿ.

ನೈಜ ಎಸ್‌ಎಎಸ್ ಡಿಸ್ಕ್ ಇರುವವರಿಗೆ ಇದರದೇ ಇನ್ನೊಂದು ರೂಪದ ತೊಡಕು ಎದುರಾಗುತ್ತದೆ. ಎಸ್‌ಎಎಸ್ ಡಿಸ್ಕಿಗೆ ಎರಡು ಪೋರ್ಟ್‌ಗಳಿದ್ದು, ಡಿಸ್ಕಿನ ಡಬ್ಲ್ಯೂಡಬ್ಲ್ಯೂಎನ್‌ಗೂ ಪೋರ್ಟ್‌ಗಳ ವಿಳಾಸಗಳಿಗೂ ಕೊನೆಯ ಅಂಕಿಯಲ್ಲಿ ಒಂದೆರಡರ ವ್ಯತ್ಯಾಸವಿರುವುದು ಸಾಮಾನ್ಯ. ಪೂರ್ತಿ 16 ಅಂಕಿಗಳೂ ಹೊಂದಬೇಕೆಂದು ಸ್ಕ್ರಿಪ್ಟ್ ಬರೆದವರಿಗೆ ಒಂದು ಡಿಸ್ಕೂ ಸಿಗುವುದಿಲ್ಲ. ಕೊನೆಯ ಅಂಕಿಯನ್ನು ಸುಮ್ಮನೆ ಬಿಟ್ಟು ಹೋಲಿಸುವವರಿಗೆ, ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ತಯಾರಾದ ಡಿಸ್ಕ್‌ಗಳಿದ್ದಾಗ, ಒಂದರ ಬದಲು ಇನ್ನೊಂದು ಸಿಗುವ ಅಪಾಯವಿದೆ. ಎರಡು ಐಒ ಮಾಡ್ಯೂಲ್‌ಗಳಿರುವ ಪೆಟ್ಟಿಗೆಯಲ್ಲಿ ಒಂದೇ ಡಿಸ್ಕಿಗೆ ಎರಡು ಎಸ್‌ಡಿ ಹೆಸರು, ಒಂದೇ ಪೆಟ್ಟಿಗೆಗೆ ಎರಡು ಎನ್‌ಕ್ಲೋಶರ್ ಕೋಶ ಬರುವುದನ್ನೂ ನೆನಪಿನಲ್ಲಿಡಬೇಕು. ಅಲ್ಲಿ ಒಂದೇ ಡಿಸ್ಕಿಗಿರುವ ಹಲವು ದಾರಿಗಳನ್ನು ಹೊಂದಿಸುವ ಮಲ್ಟಿಪಾತ್‌ನ ವರದಿಯನ್ನು ಮೊದಲು ನೋಡದೆ ಡಿಸ್ಕ್‌ಗಳನ್ನು ಎಣಿಸಲು ಹೊರಡಬಾರದು.

ಎರಡನೆಯದೇ ನಿಜವಾದ ಅಪಾಯ. ಲಿನಕ್ಸಿನ ಸ್ಲಾಟ್ 9 ಎಂದರೆ ಪೆಟ್ಟಿಗೆಯ ಮೇಲಿನ 10 ಇರಬಹುದು ಎಂದು ಊಹಿಸಿ ಫೋನಿನಲ್ಲಿ ‘ಹತ್ತನೆಯದು’ ಎಂದು ಹೇಳಬೇಡಿ. ಎಣಿಕೆ ಎಡದಿಂದ ಬಲಕ್ಕೋ, ಮೇಲಿನಿಂದ ಕೆಳಕ್ಕೋ ಎಂಬುದೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುತ್ತದೆ. ಮೇಲಿನಿಂದ ಡಿಸ್ಕ್ ಹಾಕುವ 60 ಬೇಗಳ ಪೆಟ್ಟಿಗೆಗಳಲ್ಲಂತೂ, ಹೊರಗೆಳೆದಾಗ ನೀವು ಮುಂದಿನಿಂದ ನೋಡುತ್ತಿದ್ದೀರೋ ಪಕ್ಕದಿಂದ ನೋಡುತ್ತಿದ್ದೀರೋ ಎಂಬುದರ ಮೇಲೆ ಎಣಿಕೆಯೇ ತಲೆಕೆಳಗಾಗುತ್ತದೆ.

ಮಾಡಬೇಕಾದದ್ದಿಷ್ಟು. ಮೊದಲು ಚೆನ್ನಾಗಿರುವ ಸ್ಲಾಟ್ 0ರ ದೀಪ ಹೊತ್ತಿಸಿ, ಯಾವ ಮುದ್ರಿತ ಸಂಖ್ಯೆಯ ಬಳಿ ಮಿಟುಕುತ್ತಿದೆ ಎಂದು ಕೋಣೆಯಲ್ಲಿರುವವರನ್ನು ಕೇಳಿ. ಆರಿಸಿ. ಆಮೇಲೆ ಸ್ಲಾಟ್ 23ರದ್ದು, ಆಮೇಲೆ ಮಧ್ಯದ ಒಂದೆರಡು. ಎಲ್ಲವೂ ಒಂದೇ ನಿಯಮಕ್ಕೆ ಹೊಂದಿದರೆ ಮಾತ್ರ ಸ್ಲಾಟ್ 9ಕ್ಕೆ ಬನ್ನಿ. ಕೇಳುವಾಗ ‘ಹತ್ತರಲ್ಲಿ ಹೊತ್ತಿದೆಯೇ’ ಎಂದು ಕೇಳಬೇಡಿ, ‘ಎಲ್ಲಿ ಹೊತ್ತಿದೆ’ ಎಂದು ಕೇಳಿ. ಮೊದಲ ಪ್ರಶ್ನೆಗೆ ಜನ ಹೌದು ಎಂದುಬಿಡುತ್ತಾರೆ.

ಕರಾವಳಿ_ರ್ಯಾಕ್:

ಒಂದು ಸೇರ್ಪಡೆ. ಲೊಕೇಟ್ ಫೈಲಿಗೆ 1 ಬರೆದು ಮತ್ತೆ ಓದಿದಾಗ 1 ಎಂದೇ ಬಂದರೂ ದೀಪ ಹೊತ್ತದ ಪೆಟ್ಟಿಗೆಗಳನ್ನು ನೋಡಿದ್ದೇನೆ. ಫರ್ಮ್‌ವೇರ್ ವಿನಂತಿಯನ್ನು ಸ್ವೀಕರಿಸುತ್ತದೆ, ಡಿಸ್ಕ್‌ಗಳು ಸಿಕ್ಕಿಕೊಳ್ಳುವ ಫಲಕವಾದ ಬ್ಯಾಕ್‌ಪ್ಲೇನ್‌ವರೆಗೆ ತಲುಪಿಸುವುದಿಲ್ಲ. ಅಂಥ ಕಡೆ ಹಳೆಯ ಉಪಾಯವೇ ಕೆಲಸಕ್ಕೆ ಬರುತ್ತದೆ: ಬದುಕಿರುವ ಡಿಸ್ಕಿನಿಂದ ಸತತವಾಗಿ ಓದುತ್ತಾ ಹೋದರೆ ಅದರ ಚಟುವಟಿಕೆಯ ಹಸಿರು ದೀಪ ಎಡೆಬಿಡದೆ ಮಿನುಗುತ್ತದೆ. ಸತ್ತ ಡಿಸ್ಕನ್ನು ಹೀಗೆ ಹುಡುಕಬೇಕಾದರೆ ಉಳಿದ ಎಲ್ಲದರಿಂದಲೂ ಒಮ್ಮೆಲೇ ಓದಿಸಿ, ಮಿನುಗದೆ ಉಳಿದದ್ದನ್ನು ನೋಡಬೇಕು. ಪೂಲ್ ಸ್ಕ್ರಬ್ ಆಗುತ್ತಿರುವಾಗಲೂ, ಅಂದರೆ ಎಲ್ಲ ದತ್ತಾಂಶವನ್ನೂ ಓದಿ ಪರೀಕ್ಷಿಸುತ್ತಿರುವಾಗಲೂ, ಇದೇ ದೃಶ್ಯ ಸಿಗುತ್ತದೆ, ಆದರೆ ಈಗಾಗಲೇ ಸೊರಗಿರುವ ಪೂಲಿಗೆ ಬರೀ ದೀಪ ನೋಡಲೆಂದು ಸ್ಕ್ರಬ್ ಹಚ್ಚುವುದು ಬೇಡ.

ಓದಲು ಡಿಡಿ ಎಂಬ ನಕಲು ಕಮಾಂಡ್ ಬಳಸುವವರು ಇನ್‌ಪುಟ್ ಯಾವುದು, ಔಟ್‌ಪುಟ್ ಯಾವುದು ಎಂದು ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಲಿ. ಔಟ್‌ಪುಟ್ ಸದಾ ಬಂದದ್ದನ್ನೆಲ್ಲ ಎಸೆದುಬಿಡುವ ನಲ್ ಸಾಧನವೇ ಆಗಿರಬೇಕು.

ಲೇಬಲ್‌ವಾದಿ:

ಇಷ್ಟೆಲ್ಲ ಸರ್ಕಸ್ಸು ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಪೆಟ್ಟಿಗೆಗೆ ಡಿಸ್ಕ್ ಹಾಕುವ ದಿನವೇ ಪ್ರತಿ ಟ್ರೇಯ ಮುಂಭಾಗಕ್ಕೆ ಸೀರಿಯಲ್ ನಂಬರಿನ ಕೊನೆಯ ಆರು ಅಕ್ಷರಗಳನ್ನು ಮುದ್ರಿಸಿ ಅಂಟಿಸಿದ್ದರೆ ಫೋನಿನಲ್ಲಿ ಆರು ಅಕ್ಷರ ಹೇಳಿದರೆ ಮುಗಿಯಿತು. ಎಸ್‌ಇಎಸ್ ಇರಲಿ ಇಲ್ಲದಿರಲಿ, ಫರ್ಮ್‌ವೇರ್ ಕೆಟ್ಟಿರಲಿ ಒಳ್ಳೆಯದಿರಲಿ, ಚೀಟಿ ಸುಳ್ಳು ಹೇಳುವುದಿಲ್ಲ.

ಹಳೆಯ_ಅಡ್ಮಿನ್:

ಚೀಟಿ ಸುಳ್ಳು ಹೇಳುವುದಿಲ್ಲ ಎಂಬುದನ್ನು ಒಪ್ಪಲಾರೆ. ಚೀಟಿ ಅಂಟಿರುವುದು ಟ್ರೇಗೆ, ನಂಬರ್ ಇರುವುದು ಡಿಸ್ಕ್‌ಗೆ. ಡಿಸ್ಕ್ ಬದಲಿಸುವವರು ಹಳೆಯ ಟ್ರೇಯ ಸ್ಕ್ರೂ ಬಿಚ್ಚಿ ಹೊಸ ಡಿಸ್ಕ್ ಹಾಕಿ ಅದೇ ಟ್ರೇಯನ್ನು ಒಳಗೆ ತಳ್ಳಿದ ಕ್ಷಣದಿಂದ ಆ ಚೀಟಿ ಸುಳ್ಳಾಗುತ್ತದೆ, ಮತ್ತು ಅದು ಸುಳ್ಳೆಂದು ಯಾರಿಗೂ ಗೊತ್ತಾಗುವುದಿಲ್ಲ. ದೀಪಕ್ಕೆ ಈ ದೋಷವಿಲ್ಲ. ಈ ಗಳಿಗೆಯಲ್ಲಿ ಯಾವ ಡಿಸ್ಕ್ ಎಲ್ಲಿದೆ ಎಂಬುದನ್ನೇ ಅದು ಹೇಳುತ್ತದೆ. ಆದರೆ ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ದೀಪವೂ ಚೀಟಿಯೂ ಒಂದೇ ಬೇಯನ್ನು ತೋರಿಸಿದರೆ ನಿಶ್ಚಿಂತೆಯಿಂದ ಎಳೆಯಬಹುದು. ಬೇರೆ ಬೇರೆ ತೋರಿಸಿದರೆ ಅಲ್ಲಿಯೇ ನಿಲ್ಲಬೇಕು. ನಮ್ಮಲ್ಲಿ ಹೊಸ ಡಿಸ್ಕಿನ ಚೀಟಿ ಮುದ್ರಿಸಿ ಟ್ರೇಗೆ ಅಂಟಿಸಿದ ಮೇಲೆಯೇ ಡಿಸ್ಕನ್ನು ಟ್ರೇಗೆ ಕೂರಿಸುವುದು ಎಂಬ ಕ್ರಮವಿದೆ. ಆಮೇಲೆ ಅಂಟಿಸೋಣ ಎಂದವರು ಅಂಟಿಸುವುದಿಲ್ಲ.

ಲೇಬಲ್‌ವಾದಿ:

ಆ ಕ್ರಮ ಪಾಲಿಸುವವರಿಗೆ ನನ್ನ ಮಾತೇನಿಲ್ಲ. ಬೇಯ ಸಂಖ್ಯೆಯನ್ನು ಟ್ರೇ ಮೇಲೆ ಬರೆಯಬಾರದು ಎಂಬುದನ್ನೂ ಸೇರಿಸಿಕೊಳ್ಳಿ. ಅದು ಪೆಟ್ಟಿಗೆಯ ಚೌಕಟ್ಟಿನ ಮೇಲೆ ಮಾತ್ರ ಇರಬೇಕು.

ರೇಡ್‌ಕಾರ್ಡ್_ಬಳಕೆದಾರ:

ಎಚ್‌ಬಿಎ ಬದಲು ಮೆಗಾರೇಡ್ ಮಾದರಿಯ ಕಾರ್ಡ್ ಇರುವವರಿಗೂ ಈ ಚರ್ಚೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಅಲ್ಲಿ ಕಾರ್ಡ್ ಭೌತಿಕ ಡಿಸ್ಕ್‌ಗಳನ್ನು ಮರೆಮಾಡುತ್ತದೆ. ಲಿನಕ್ಸಿಗೆ ಕಾಣುವುದು ಒಟ್ಟು ವರ್ಚುವಲ್ ಡಿಸ್ಕ್ ಮಾತ್ರ. ಸ್ಟೋರ್‌ಸಿಎಲ್‌ಐ ಕಮಾಂಡಿನಲ್ಲಿ ಎಲ್ಲ ಎನ್‌ಕ್ಲೋಶರ್‌ಗಳ ಎಲ್ಲ ಸ್ಲಾಟ್‌ಗಳನ್ನು ತೋರಿಸು ಎಂದು ಕೇಳಿದರೆ, ಎನ್‌ಕ್ಲೋಶರ್ ಮತ್ತು ಸ್ಲಾಟ್ ಸಂಖ್ಯೆಗಳ ಜೋಡಿ ಒಂದು ಕಾಲಮ್ಮಿನಲ್ಲಿಯೂ ಡಿಐಡಿ ಎಂಬ ಡಿವೈಸ್ ಸಂಖ್ಯೆ ಅದರ ಪಕ್ಕದ ಕಾಲಮ್ಮಿನಲ್ಲಿಯೂ ಬರುತ್ತವೆ. ಎನ್‌ಕ್ಲೋಶರ್ ಸಂಖ್ಯೆ ಬಹಳ ಕಡೆ 252 ಎಂದಿರುವುದನ್ನು ನೋಡಿ ಗಾಬರಿಯಾಗಬೇಡಿ, ನೇರವಾಗಿ ಜೋಡಿಸಿದ ಬ್ಯಾಕ್‌ಪ್ಲೇನಿಗೆ ಅದು ಮಾಮೂಲು ಸಂಖ್ಯೆ.

ಜನ ಎಡವುವುದು ಸ್ಮಾರ್ಟ್ ವರದಿ ತೆಗೆಯುವಾಗ. ಸ್ಮಾರ್ಟ್‌ಸಿಟಿಎಲ್ ಕಮಾಂಡಿಗೆ ಮೆಗಾರೇಡ್ ಆಯ್ಕೆಯ ಜೊತೆ ಕೊಡಬೇಕಾದ ಸಂಖ್ಯೆ ಡಿಐಡಿಯೇ ಹೊರತು ಸ್ಲಾಟ್ ಸಂಖ್ಯೆಯಲ್ಲ. ಹೊಸ ಸರ್ವರಿನಲ್ಲಿ ಎರಡೂ ಒಂದೇ ಆಗಿ ಕಾಣಬಹುದು. ಡಿಸ್ಕ್‌ಗಳು ಬದಲಾಗುತ್ತಾ ಹೋದಂತೆ ಅವು ಬೇರೆಯಾಗುತ್ತವೆ. ಆಗ ಸ್ಲಾಟ್ ಸಂಖ್ಯೆ ಕೊಟ್ಟವರಿಗೆ ಬೇರೊಂದು ಡಿಸ್ಕಿನ ವರದಿ ಬರುತ್ತದೆ, ಅದೂ ಯಾವ ಎಚ್ಚರಿಕೆಯೂ ಇಲ್ಲದೆ. ದೀಪಕ್ಕೆ ಸ್ಟೋರ್‌ಸಿಎಲ್‌ಐಯಲ್ಲೇ ಸ್ಟಾರ್ಟ್ ಲೊಕೇಟ್, ಸ್ಟಾಪ್ ಲೊಕೇಟ್ ಇವೆ. ಡೆಲ್ ಸರ್ವರುಗಳಲ್ಲಿ ಇದೇ ಉಪಕರಣ ಪರ್ಕ್‌ಸಿಎಲ್‌ಐ ಎಂಬ ಹೆಸರಿನಲ್ಲಿದೆ. ಎಚ್‌ಪಿಇಯವರ ಎಸ್‌ಎಸ್‌ಎಸಿಎಲ್‌ಐ ಡಿಸ್ಕನ್ನು 1ಐ:1:3 ಎಂಬಂತೆ ಪೋರ್ಟ್, ಬಾಕ್ಸ್, ಬೇ ಕ್ರಮದಲ್ಲಿ ಕರೆಯುತ್ತದೆ.

ಬಿಎಸ್‌ಡಿ_ಮನೆ:

ಫ್ರೀಬಿಎಸ್‌ಡಿಯಲ್ಲಿ ಸೆಸ್‌ಯುಟಿಲ್ ಮ್ಯಾಪ್ ಎಂದರೆ ಪೂರ್ತಿ ಪಟ್ಟಿ, ಸೆಸ್‌ಯುಟಿಲ್ ಲೊಕೇಟ್ ಎಂದು ಡಿಸ್ಕಿನ ಹೆಸರು ಕೊಟ್ಟರೆ ದೀಪ. 11.0 ಆವೃತ್ತಿಯಿಂದ ಇದು ಮೂಲ ವ್ಯವಸ್ಥೆಯಲ್ಲೇ ಇದೆ. ಹೆಚ್ಚಿಗೆ ಹೇಳುವುದೇನಿಲ್ಲ.

ಗೋದಾಮುಪಾಲಕ:

ನೀಲಿದೀಪ ಅವರು ಹೇಳಿದಂತೆಯೇ ಮಾಡಿದೆವು. ಸ್ಲಾಟ್ 0 ಮುದ್ರಿತ 1ರಲ್ಲಿಯೂ ಸ್ಲಾಟ್ 23 ಮುದ್ರಿತ 24ರಲ್ಲಿಯೂ ಮಿಟುಕಿದವು. ಮಧ್ಯದ ಎರಡೂ ಇದೇ ನಿಯಮಕ್ಕೆ ಹೊಂದಿದವು. ಸ್ಲಾಟ್ 9ರ ದೀಪ ಮುದ್ರಿತ 10ರಲ್ಲಿ ಹೊತ್ತಿತು. ಟ್ರೇಯನ್ನು ಅರ್ಧ ಎಳೆದು, ತಟ್ಟೆಗಳು ನಿಲ್ಲಲು ಸ್ವಲ್ಪ ಹೊತ್ತು ಬಿಟ್ಟು, ಹೊರತೆಗೆದು ಫೋಟೋ ಕಳಿಸಿದರು. ಸೀರಿಯಲ್ ನಂಬರ್ ಝಡ್‌ಡಿಬಿ ಹೇಳಿದ್ದೇ. ಹೊಸ ಡಿಸ್ಕ್ ಹಾಕಿ, ಝಡ್‌ಪೂಲ್ ರಿಪ್ಲೇಸ್‌ಗೆ ಹಳೆಯದರ ಜಿಯುಐಡಿಯನ್ನೂ ಹೊಸದರ ಬೈ-ಐಡಿ ಹೆಸರನ್ನೂ (ಬೂಟ್ ಆದಾಗ ಬದಲಾಗದ ಖಾಯಂ ಹೆಸರು) ಕೊಟ್ಟೆ. ರೀಸಿಲ್ವರ್, ಅಂದರೆ ಹೊಸ ಡಿಸ್ಕಿಗೆ ದತ್ತಾಂಶ ಮರುತುಂಬುವ ಕೆಲಸ ನಡೆಯುತ್ತಿದೆ.

ನಿಗಾ ವಿಷಯ ಉಳಿದಿದೆ. ಸ್ಮಾರ್ಟ್ ವರದಿಗಳನ್ನು ಸದಾ ಗಮನಿಸುವ ಸ್ಮಾರ್ಟ್‌ಡಿ ಸೇವೆ ಒಂದನ್ನೇ ಹಾಕಿದರೆ ಸಾಕೇ?

ಹಳೆಯ_ಅಡ್ಮಿನ್:

ಸ್ಮಾರ್ಟ್‌ಡಿ ಬೇಕು, ಆದರೆ ಅದೊಂದೇ ಸಾಲದು. ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮಾತುಗಳಿವೆ, ಎರಡನ್ನೂ ಒಟ್ಟಿಗೆ ಓದಬೇಕು. ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಸಿಗುವ ದೋಷ) ಕಂಡ ಡಿಸ್ಕ್, ಅಂಥ ದೋಷ ಕಾಣದ ಡಿಸ್ಕಿಗಿಂತ, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಅವರು ಪ್ರಬಲವೆಂದು ಗುರುತಿಸಿದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಅಂದರೆ ಸ್ಮಾರ್ಟ್ ಎಚ್ಚರಿಕೆ ಕೊಟ್ಟರೆ ನಂಬಿ, ಕೊಡಲಿಲ್ಲವೆಂದು ನೆಮ್ಮದಿಯಾಗಿರಬೇಡಿ.

ಸಾಟಾ ಡಿಸ್ಕ್‌ಗಳಲ್ಲಿ ನಾನು ನೋಡುವುದು 5, 187, 188, 197, 198ನೇ ಗುಣಗಳನ್ನು, ಅಂದರೆ ಸ್ಮಾರ್ಟ್ ವರದಿಯಲ್ಲಿ ಈ ಸಂಖ್ಯೆಗಳಿರುವ ದೋಷದ ಎಣಿಕೆಗಳನ್ನು. ಕ್ಲೌಡ್ ಸಂಗ್ರಹದ ಕಂಪನಿಯಾದ ಬ್ಯಾಕ್‌ಬ್ಲೇಝ್‌ನವರೂ ಇವೇ ಐದನ್ನು ಮುಖ್ಯವೆಂದು ಹೇಳಿದ್ದಾರೆ. ಇವುಗಳಲ್ಲಿ ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತ ಅದು ಏರುತ್ತಿದೆಯೇ ಎಂಬುದು ಮುಖ್ಯ. ಎಸ್‌ಎಎಸ್ ಡಿಸ್ಕ್‌ಗಳಲ್ಲಿ ಈ ಸಂಖ್ಯೆಗಳೇ ಇರುವುದಿಲ್ಲ. ಅಲ್ಲಿ ಗ್ರೋನ್ ಡಿಫೆಕ್ಟ್ ಪಟ್ಟಿಯನ್ನೂ (ಬಳಕೆಯಲ್ಲಿ ಹೊಸದಾಗಿ ಕೆಟ್ಟ ಜಾಗಗಳ ಪಟ್ಟಿ) ಸರಿಪಡಿಸಲಾಗದ ದೋಷಗಳ ಲೆಕ್ಕವನ್ನೂ ನೋಡಬೇಕು.

199ನೇ ಗುಣವನ್ನು, ಅಂದರೆ ಸಿಆರ್‌ಸಿ ದೋಷಗಳ ಎಣಿಕೆಯನ್ನು, ನಾನು ಬೇರೆಯಾಗಿಯೇ ಇಡುತ್ತೇನೆ. ಅದು ಏರುತ್ತಿದ್ದರೆ ಬಹುತೇಕ ಡಿಸ್ಕಿನ ತಪ್ಪಲ್ಲ, ಡಿಸ್ಕಿಗೂ ಎಕ್ಸ್‌ಪ್ಯಾಂಡರಿಗೂ ನಡುವಿನ ದಾರಿಯದು: ಕೇಬಲ್, ಕನೆಕ್ಟರ್, ಬ್ಯಾಕ್‌ಪ್ಲೇನ್. ಆದ್ದರಿಂದ ದೋಷಗಳ ಇತಿಹಾಸವನ್ನು ಸೀರಿಯಲ್ ನಂಬರಿನ ಹೆಸರಿನಲ್ಲಿ ಮಾತ್ರ ಬರೆದಿಟ್ಟರೆ ಸಾಲದು, ಬೇಯ ಹೆಸರಿನಲ್ಲೂ ಇಡಬೇಕು. ಬಹಳಷ್ಟು ಕಡೆ ಈ ಎರಡನೆಯ ಲೆಕ್ಕವೇ ಇರುವುದಿಲ್ಲ. ಒಂದೇ ಬೇಯಲ್ಲಿ ಕೂತ ಡಿಸ್ಕ್‌ಗಳು ಒಂದರ ಹಿಂದೊಂದು ‘ಕೆಡುತ್ತಿದ್ದರೆ’, ಸೀರಿಯಲ್ ನಂಬರಿನ ಲೆಕ್ಕದಲ್ಲಿ ಅದು ಸಂಬಂಧವಿಲ್ಲದ ಬಿಡಿ ಡಿಸ್ಕ್‌ಗಳ ಸಾವಿನಂತೆ ಕಾಣುತ್ತದೆ. ಬೇಯ ಲೆಕ್ಕದಲ್ಲಿ ಕೆಟ್ಟಿರುವುದು ಒಂದೇ ಕನೆಕ್ಟರ್ ಎಂದು ತಕ್ಷಣ ತಿಳಿಯುತ್ತದೆ. ಒಳ್ಳೆಯ ಡಿಸ್ಕ್‌ಗಳನ್ನು ವಾರಂಟಿಗೆ ಕಳಿಸಿ, ಅವರು ಪರೀಕ್ಷಿಸಿ ದೋಷವಿಲ್ಲವೆಂದು ಹಿಂದಿರುಗಿಸುವುದು ಹೀಗೆಯೇ. ಇದಕ್ಕೆ ಪೂರಕವಾಗಿ ಸಿಸ್ ಕೋಶದ ಎಸ್‌ಎಎಸ್-ಫೈ ವರ್ಗದಲ್ಲಿ ಪ್ರತಿ ಲೇನಿನ ಅಮಾನ್ಯ ಡಿವರ್ಡ್‌ಗಳ (ಲೇನಿನಲ್ಲಿ ಸಾಗುವ ದತ್ತಾಂಶದ ತುಣುಕುಗಳ) ಎಣಿಕೆ, ಸಿಂಕ್ ತಪ್ಪಿದ ಎಣಿಕೆ ಇರುತ್ತವೆ. ಅವನ್ನೂ ದಿನಕ್ಕೊಮ್ಮೆ ಸಂಗ್ರಹಿಸಿಡಿ.

ಖಾಯಂ ಗುರುತಿನ ವಿಷಯದಲ್ಲೂ ಇದೇ ಇಬ್ಬಗೆ. ಬೈ-ಐಡಿ ಹೆಸರು ಡಿಸ್ಕಿನ ಹಿಂದೆ ಹೋಗುತ್ತದೆ, ಬೈ-ಪಾತ್ ಹೆಸರು ಬೇಯಲ್ಲೇ ಉಳಿಯುತ್ತದೆ. ಸ್ಮಾರ್ಟ್‌ಡಿ ಸಂರಚನೆಯಲ್ಲಿ ಬೈ-ಐಡಿ ಬಳಸಿ, ಎಚ್ಚರಿಕೆ ಕಳಿಸುವ ಸ್ಕ್ರಿಪ್ಟಿನಲ್ಲಿ ಆ ಗಳಿಗೆಯ ಬೇ ಸಂಖ್ಯೆಯನ್ನು ಹುಡುಕಿ ಮೇಲ್‌ಗೆ ಸೇರಿಸಿ. ರಾತ್ರಿ ಎರಡು ಗಂಟೆಗೆ ಬರುವ ಮೇಲ್‌ನಲ್ಲಿ ‘ಎಸ್‌ಡಿಕೆ ಕೆಟ್ಟಿದೆ’ ಎಂದು ಮಾತ್ರ ಇದ್ದರೆ ಅದನ್ನು ಓದಿದವರಿಗೆ ನಿಮ್ಮ ಮೊದಲ ದಿನದ ಗೊಂದಲವೇ ಮರುಕಳಿಸುತ್ತದೆ.

ನೀಲಿದೀಪ:

ಪೆಟ್ಟಿಗೆಯ ಮೇಲೂ ನಿಗಾ ಬೇಕು. ಎಸ್‌ಜಿ-ಸೆಸ್‌ನ 2ನೇ ಪುಟವನ್ನು ನಿಯತವಾಗಿ ಓದಿ, ಫ್ಯಾನ್ ಅಥವಾ ಪವರ್ ಸಪ್ಲೈ ಸ್ಥಿತಿ ಸರಿಯಿಲ್ಲದಿದ್ದರೆ ಎಚ್ಚರಿಸುವಂತೆ ಮಾಡಿ. ಎರಡು ಪವರ್ ಸಪ್ಲೈಗಳಲ್ಲಿ ಒಂದು ಸತ್ತು ತಿಂಗಳುಗಟ್ಟಲೆ ಯಾರಿಗೂ ತಿಳಿಯದೆ ಇರುವುದು ಬಹಳ ಸಾಮಾನ್ಯ, ಏಕೆಂದರೆ ಅದರ ಬಗ್ಗೆ ಕರ್ನಲ್ ಲಾಗಿನಲ್ಲಿ ಒಂದಕ್ಷರವೂ ಬರದೆ ಹೋಗಬಹುದು.

ಪೂಲಿನ ಘಟನೆಗಳನ್ನು ಗಮನಿಸುವ ಓಪನ್‌ಝಡ್‌ಎಫ್‌ಎಸ್‌ನ ಝೆಡ್ ಸೇವೆಯ ಸಂರಚನಾ ಫೈಲಿನಲ್ಲಿ ಎನ್‌ಕ್ಲೋಶರ್ ದೀಪಗಳನ್ನು ಬಳಸುವ ಆಯ್ಕೆಯ ಬೆಲೆ 1 ಇದೆಯೇ ನೋಡಿ. ಇದ್ದರೆ ಡಿಸ್ಕ್ ಕೆಟ್ಟಾಗ ಆ ಬೇಯ ಫಾಲ್ಟ್ ದೀಪವನ್ನು ಝೆಡ್ ತಾನೇ ಹೊತ್ತಿಸುತ್ತದೆ. ಡಿಸ್ಕ್ ಕಾಣೆಯಾಗಿದ್ದರೂ, ನಿಮಗೆ ಝಡ್‌ಡಿಬಿಯಲ್ಲಿ ಸಿಕ್ಕ ಎನ್‌ಕ್ಲೋಶರ್ ಪಾತ್ ಸಾಲನ್ನೇ ಬಳಸಿ ಅದು ಬೇಯನ್ನು ಕಂಡುಕೊಳ್ಳುತ್ತದೆ. ಝಡ್‌ಪೂಲ್ ಸ್ಟೇಟಸ್‌ಗೆ ಸಿ ಆಯ್ಕೆಯೊಂದಿಗೆ ಸ್ಲಾಟ್ ಎಂದು ಕೊಟ್ಟರೆ ಪ್ರತಿ ಡಿಸ್ಕಿನ ಮುಂದೆ ಅದರ ಸ್ಲಾಟ್ ಸಂಖ್ಯೆಯೂ ಮುದ್ರಣವಾಗುತ್ತದೆ.

ದೀಪಗಳ ಭಾಷೆಯ ಬಗ್ಗೆ ಒಂದು ಮಾತು. ಎಸ್‌ಎಫ್‌ಎಫ್-8489 ಎಂಬ ನಿರ್ದೇಶನದ ಪ್ರಕಾರ ಲೊಕೇಟ್ ದೀಪ ಸೆಕೆಂಡಿಗೆ 4 ಬಾರಿ ಮಿಟುಕಬೇಕು, ಫಾಲ್ಟ್ ದೀಪ ಎಡೆಬಿಡದೆ ಉರಿಯಬೇಕು, ರೀಬಿಲ್ಡ್ ಸೆಕೆಂಡಿಗೆ 1 ಬಾರಿ ಮಿಟುಕಬೇಕು. ಎಲ್ಲ ಪೆಟ್ಟಿಗೆಗಳೂ ಇದನ್ನು ಪಾಲಿಸುವುದಿಲ್ಲ. ಬಣ್ಣಗಳಂತೂ ತಯಾರಕರ ಇಷ್ಟ. ನಿಮ್ಮ ಪೆಟ್ಟಿಗೆಯಲ್ಲಿ ಯಾವುದು ಹೇಗೆ ಕಾಣುತ್ತದೆ ಎಂಬುದರ ಫೋಟೋ ತೆಗೆದು ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿಡುವುದು ಒಳ್ಳೆಯದು.

ಸೆಫ್_ಕ್ಲಸ್ಟರ್:

ಸೆಫ್ (ಹಲವು ಸರ್ವರುಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ) ನಡೆಸುವವರಿಗೆ: ಸೆಫ್ ಡಿವೈಸ್ ಲೈಟ್ ಆನ್ ಎಂದು ಡಿವೈಸ್ ಗುರುತನ್ನು ಕೊಟ್ಟರೆ ಯಾವ ಸರ್ವರಿನಲ್ಲಿದ್ದರೂ ದೀಪ ಹೊತ್ತುತ್ತದೆ, ಒಳಗೆ ಅದು ಲಿಬ್‌ಸ್ಟೋರೇಜ್‌ಎಂಜಿಎಂಟಿಯ ಎಲ್‌ಎಸ್‌ಎಂಸಿಎಲ್‌ಐ ಬಳಸುತ್ತದೆ. ನನ್ನದೊಂದು ಪ್ರಶ್ನೆಯೂ ಇದೆ. ನೇರವಾಗಿ ಪಿಸಿಐಗೆ ಜೋಡಿಸುವ ಎನ್‌ವಿಎಂಇ ಡಿಸ್ಕ್‌ಗಳ ಬೇಗಳಲ್ಲಿ ಎಸ್‌ಇಎಸ್ ಇಲ್ಲವಲ್ಲ, ಅಲ್ಲಿ ಏನು ಮಾಡುತ್ತೀರಿ?

ನೀಲಿದೀಪ:

ಸಿಸ್ ಕೋಶದ ಪಿಸಿಐ ಸ್ಲಾಟ್ಸ್ ಕೋಶದಲ್ಲಿ ಪ್ರತಿ ಭೌತಿಕ ಸ್ಲಾಟಿಗೂ ಪಿಸಿಐ ವಿಳಾಸ ಬರೆದಿರುತ್ತದೆ. ಎನ್‌ವಿಎಂಇ ಡಿಸ್ಕಿನ ಪಿಸಿಐ ವಿಳಾಸದೊಡನೆ ಅದನ್ನು ಹೊಂದಿಸಿದರೆ ಸ್ಲಾಟ್ ತಿಳಿಯುತ್ತದೆ. ಎನ್‌ವಿಎಂಇ ಡಿಸ್ಕ್‌ಗಳನ್ನು ನಿರ್ವಹಿಸುವ ಇಂಟೆಲ್ ವಿಎಂಡಿ ಇರುವ ಸರ್ವರುಗಳಲ್ಲಿಯೂ, ದೀಪ ನಿಯಂತ್ರಿಸುವ ಪಿಸಿಐ ಸೌಲಭ್ಯವಾದ ಎನ್‌ಪಿಇಎಂ ಬೆಂಬಲವಿರುವ ಬ್ಯಾಕ್‌ಪ್ಲೇನ್‌ಗಳಲ್ಲಿಯೂ ಲೆಡ್‌ಸಿಟಿಎಲ್ ದೀಪ ಹೊತ್ತಿಸುತ್ತದೆ. ಎರಡೂ ಇಲ್ಲದಿದ್ದರೆ ಸೀರಿಯಲ್ ನಂಬರಿನ ಚೀಟಿಯೇ ದಾರಿ, ಲೇಬಲ್‌ವಾದಿಯವರು ಗೆದ್ದರು ಎಂದುಕೊಳ್ಳಿ.

ಗೋದಾಮುಪಾಲಕ:

ರೀಸಿಲ್ವರ್ ಮುಗಿಯಿತು, ದೋಷಗಳಿಲ್ಲ. ಎರಡು ಕೊನೆಯ ಪ್ರಶ್ನೆಗಳು. ಉಳಿದ 23 ಡಿಸ್ಕ್‌ಗಳು ಪೂಲಿನಲ್ಲಿ ಈಗಲೂ ಎಸ್‌ಡಿ ಹೆಸರಿನಲ್ಲೇ ಇವೆ; ಅವನ್ನು ಬದಲಿಸಬಹುದೇ? ಮತ್ತು ಹೊಸ ಡಿಸ್ಕ್ ಹಾಕಿದ ಮೇಲೂ ಬೇ 10ರ ದೀಪ ಮಿಟುಕುತ್ತಲೇ ಇದೆ.

ಹಳೆಯ_ಅಡ್ಮಿನ್:

ಬದಲಿಸಬಹುದು. ಪೂಲ್ ಆರೋಗ್ಯವಾಗಿರುವ ಈಗಲೇ, ಬಳಕೆದಾರರಿಗೆ ಮೊದಲೇ ತಿಳಿಸಿ, ಪೂಲನ್ನು ಎಕ್ಸ್‌ಪೋರ್ಟ್ ಮಾಡಿ ಬೈ-ಐಡಿ ಕೋಶವನ್ನು ತೋರಿಸಿ ಮತ್ತೆ ಇಂಪೋರ್ಟ್ ಮಾಡಿ. ದತ್ತಾಂಶಕ್ಕೆ ಏನೂ ಆಗುವುದಿಲ್ಲ, ಹೆಸರುಗಳು ಮಾತ್ರ ಬದಲಾಗುತ್ತವೆ. ಸ್ಟೇಟಸ್‌ನಲ್ಲಿ ನೇರವಾಗಿ ಬೇ ಸಂಖ್ಯೆಯೇ ಕಾಣಬೇಕೆಂದಿದ್ದರೆ ವಿಡೆವ್-ಐಡಿ ಸಂರಚನಾ ಫೈಲಿನಲ್ಲಿ ಪ್ರತಿ ಬೈ-ಪಾತ್ ಹೆಸರಿಗೂ ಒಂದು ಅಲಿಯಾಸ್ ಬರೆದು, ಬೈ-ವಿಡೆವ್ ಕೋಶದಿಂದ ಇಂಪೋರ್ಟ್ ಮಾಡಿ. ಅಲಿಯಾಸ್ ಬರೆಯುವಾಗ ಮುದ್ರಿತ ಸಂಖ್ಯೆಯನ್ನೇ ಬಳಸಿ, ಅಂದರೆ ಲಿನಕ್ಸಿನ 9ಕ್ಕೆ ಬೇ 10 ಎಂದು. ಬೈ-ಪಾತ್ ಹೆಸರಿನಲ್ಲಿರುವ ಫೈ (ಎಕ್ಸ್‌ಪ್ಯಾಂಡರಿನ ಲೇನ್) ಸಂಖ್ಯೆಯನ್ನು ಬೇ ಸಂಖ್ಯೆ ಎಂದುಕೊಳ್ಳಬೇಡಿ, ಎರಡೂ ಒಂದೇ ಆಗಿರಬೇಕೆಂದೇನಿಲ್ಲ. ನೀವು ಈಗ ಮಾಡಿಟ್ಟುಕೊಂಡಿರುವ ಪಟ್ಟಿಯೊಡನೆ ಒಂದೊಂದನ್ನೂ ಹೊಂದಿಸಿ ನೋಡಿ.

ದೀಪ ಪೆಟ್ಟಿಗೆಯದ್ದಾದ್ದರಿಂದ ಡಿಸ್ಕ್ ಬದಲಿಸಿದರೆ ಅದು ತಾನಾಗಿ ಆರುವುದಿಲ್ಲ. ಸ್ಲಾಟ್ 9ರ ಲೊಕೇಟ್ ಫೈಲಿಗೆ 0 ಎಂದು ಬರೆಯಿರಿ. ಆಮೇಲೆ ಎಲ್ಲ ಸ್ಲಾಟ್‌ಗಳ ಲೊಕೇಟ್ ಮತ್ತು ಫಾಲ್ಟ್ ಬೆಲೆಗಳನ್ನು ಒಮ್ಮೆ ಓದಿ, ಬೇರೆ ಯಾವುದೂ 1 ಆಗಿ ಉಳಿದಿಲ್ಲವೆಂದು ನೋಡಿಕೊಳ್ಳಿ.